ಒಂದು ಉತ್ತರ ಹೆಚ್ಚು

ವರ್ಗಾವಣೆಯ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಆ ಕಾಲೇಜಿನ ಹೆಸರಿನ ಎದುರು ‘ಖಾಲಿ’ ಎಂದು ಬರೆದಿತ್ತು. ಇತಿಹಾಸ, ಒಂದು ಹುದ್ದೆ, ಖಾಲಿ. ನಾನು ಹಿಂದಿನ ಒಂಬತ್ತು ವರ್ಷ ಯಾದಗಿರಿ ಕಡೆ ಪಾಠ ಮಾಡಿದವನು. ಹೆಂಡತಿ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಟೀಚರು. ಅಷ್ಟೂ ವರ್ಷ ನಮ್ಮ ಸಂಸಾರ ರೈಲಿನ ವೇಳಾಪಟ್ಟಿ ನೋಡಿಕೊಂಡು ನಡೆದಿತ್ತು. ಗೌರಿಬಿದನೂರು ತಾಲ್ಲೂಕಿನ ಆ ಡಿಗ್ರಿ ಕಾಲೇಜು ನಮ್ಮ ಮನೆಯಿಂದ ಮಂಚೇನಹಳ್ಳಿ ಮೇಲೆ ಒಂದೂವರೆ ಗಂಟೆಯ ಬಸ್ ದಾರಿ. ನನ್ನ ಸರದಿ ಬಂದಾಗ ಅದನ್ನೇ ಹೇಳಿದೆ. ಆಚೆ ಬಂದು ಫೋನ್ ಮಾಡಿ “ಸಿಕ್ತು ಕಣೇ” ಎಂದೆ. ಆ ಕಡೆ ಹೆಂಡತಿ ಅಳುತ್ತಿದ್ದಳು.

ಡ್ಯೂಟಿಗೆ ರಿಪೋರ್ಟ್ ಮಾಡಿಕೊಳ್ಳಲು ಹೋದ ದಿನ ಸ್ಟಾಫ್ ರೂಮಿನ ಮೂಲೆಯ ಮೇಜಿನ ಬಳಿ ಒಬ್ಬ ಹೆಂಗಸು ಕೂತು ಹಳೆಯ ಹಾಜರಿ ಪುಸ್ತಕಗಳನ್ನು ಜೋಡಿಸುತ್ತಿದ್ದರು. ವಯಸ್ಸು ನಲವತ್ತರ ಆಸುಪಾಸು. ಹನ್ನೊಂದು ವರ್ಷದಿಂದ ಅಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ಅತಿಥಿ ಉಪನ್ಯಾಸಕಿ ಅವರು. ಕಾಯಂ ಉಪನ್ಯಾಸಕರು ಇಲ್ಲದ ಕಡೆ ವರ್ಷಕ್ಕೊಮ್ಮೆ ಹೊಸ ಆದೇಶ ಪಡೆದು ಪಾಠ ಮಾಡುವವರಿಗೆ ಆ ಹೆಸರು. ಕಾಯಂ ಆದವನು ಬಂದ ದಿನ ಅವರ ಕೆಲಸ ಮುಗಿಯುತ್ತದೆ. ಪರದೆಯ ಮೇಲಿನ ಖಾಲಿ ಜಾಗದಲ್ಲಿ ಒಬ್ಬರು ಕೂತಿರಬಹುದು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮುಖ ಗೊತ್ತಿರಲಿಲ್ಲ, ಅಷ್ಟೆ.

ಅವರು ಎದ್ದು ನಿಂತು ಬೀರುವಿನ ಬೀಗದ ಕೈ ಕೊಟ್ಟರು. “ಸ್ವಲ್ಪ ಮೇಲಕ್ಕೆತ್ತಿ ತಿರುಗಿಸ್ಬೇಕು ಸರ್, ಇಲ್ಲಾಂದ್ರೆ ಸಿಕ್ಕೊಳುತ್ತೆ” ಎಂದರು. ನಾನು ಏನಾದರೂ ಹೇಳಲೇಬೇಕಿತ್ತು. “ಬೇರೆ ಕಡೆ ಟ್ರೈ ಮಾಡಿ ಮೇಡಂ, ನಿಮ್ಮ ಅನುಭವಕ್ಕೆ ಖಂಡಿತ ಸಿಗುತ್ತೆ” ಎಂದೆ. ಅವರು “ಹೂಂ ಸರ್” ಎಂದು ಒಂದು ಸ್ಟೀಲ್ ಲೋಟ, ಒಂದು ಕೊಡೆ, ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬೇಕು.

ಪರೀಕ್ಷೆ, ರಜೆ ಎಲ್ಲ ಕಳೆದು ಮೂರು ತಿಂಗಳ ಮೇಲೆ ಸೆಮಿಸ್ಟರ್ ಶುರುವಾಯಿತು. ನನಗೆ ಎರಡನೇ ವರ್ಷದ ಬಿ.ಎ. ತರಗತಿ ಕೊಟ್ಟರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು “ಗುಡ್ ಮಾರ್ನಿಂಗ್ ಮೇಡಂ” ಎಂದರು. ಬಾಯಿ ತಪ್ಪಿ ಬಂದದ್ದು. ಕೆಲವರು ನಾಲಿಗೆ ಕಚ್ಚಿಕೊಂಡರು, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ. ಆದರೆ ಇಡೀ ತರಗತಿ ಒಟ್ಟಿಗೆ ತಪ್ಪಿ ಕರೆದಾಗ, ನನ್ನ ಹಿಂದೆಯೇ ಇನ್ನೊಬ್ಬರು ಒಳಗೆ ಬಂದರೇನೋ ಎಂದು ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿದ್ದೂ ನಿಜ.

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಿ ನನಗೆ ಒಂದು ಅಭ್ಯಾಸ ಬಂದಿತ್ತು. ಸೆಮಿಸ್ಟರಿನ ಮೊದಲ ಎರಡು ವಾರ ಪಠ್ಯಕ್ಕೆ ಕೈ ಹಾಕುತ್ತಿರಲಿಲ್ಲ. ಪ್ರೊಜೆಕ್ಟರಿನಲ್ಲಿ ಒಂದು ಕ್ಯೂಆರ್ ಕೋಡ್ ತೋರಿಸುತ್ತಿದ್ದೆ. ಮಕ್ಕಳು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪ್ರಶ್ನೆ ಬರುತ್ತದೆ. ಹೆಸರು ಹಾಕದೆ ಉತ್ತರ ಬರೆಯಬಹುದು. ಬರೆದದ್ದು ಒಂದೊಂದೇ ಗೋಡೆಯ ಮೇಲೆ ಮೂಡುತ್ತದೆ. ಬಾಯಿ ಬಿಡದ ಮಕ್ಕಳು ಬೆರಳಲ್ಲಿ ಮಾತಾಡುತ್ತಾರೆ. ಯಾದಗಿರಿ ಕಡೆ ಇದರಿಂದ ನನಗೆ ಒಳ್ಳೆಯ ಹೆಸರು ಬಂದಿತ್ತು. ಇಲ್ಲೂ ಬರಲಿ ಎಂಬ ಆಸೆ ಇತ್ತು.

ಮೊದಲ ಪ್ರಶ್ನೆ ಇದು: ‘ಹೊಸದಾಗಿ ಬಂದವರಿಗೆ ಈ ಕಾಲೇಜಿನ ಬಗ್ಗೆ ಗೊತ್ತಿರದ ಒಂದು ವಿಷಯ ಹೇಳಿ.’

ನಾನು ಅಂದುಕೊಂಡಂತೆಯೇ ಗಲಾಟೆ ಶುರುವಾಯಿತು. “ಸರ್ ನೆಟ್ ಇಲ್ಲ”, “ಸರ್ ನನ್ನ ಕ್ಯಾಮೆರಾ ಒಡೆದೋಗಿದೆ.” ಕ್ಲಾಸ್ ಲೀಡರ್ ಒಬ್ಬಳಿದ್ದಳು, ಚುರುಕಾದ ಹುಡುಗಿ. “ನಾನು ಲಿಂಕ್ ಗ್ರೂಪಿಗೆ ಹಾಕ್ತೀನಿ ಸರ್, ಎಲ್ರಿಗೂ ಬರುತ್ತೆ” ಎಂದಳು. ಗೋಡೆಯ ಮೇಲೆ ಉತ್ತರಗಳು ಬಂದವು. ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು. ಕ್ಯಾಂಟೀನ್ ಇಲ್ಲ. ನಾಲ್ಕರ ಬಸ್ ತಪ್ಪಿದರೆ ಆರಕ್ಕೇ ಮುಂದಿನದು. ಲೈಬ್ರರಿಯವರಿಗೆ ಕೋಪ ಜಾಸ್ತಿ. ಎಲ್ಲರೂ ನಕ್ಕರು. ಎಲ್ಲಕ್ಕಿಂತ ಕೊನೆಗೆ ಒಂದು ಉತ್ತರ ಮೂಡಿತು, ಅಚ್ಚ ಕನ್ನಡ ಅಕ್ಷರದಲ್ಲಿ, ಪೂರ್ಣವಿರಾಮ ಸಹಿತ:

‘ಮೂರನೇ ಕಿಟಕಿಯ ಚಿಲಕ ಕೂರುವುದಿಲ್ಲ. ಮಳೆ ಬಂದರೆ ಆ ಬೆಂಚಿನ ಹುಡುಗಿಯರನ್ನು ಈ ಕಡೆ ಕೂರಿಸಿ. ಅವರಾಗಿ ಕೇಳುವುದಿಲ್ಲ.’

ಆ ಬೆಂಚಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಿಟಕಿ ಹತ್ತಿರ ಹೋಗಿ ಚಿಲಕ ಹಾಕಿ ನೋಡಿದೆ. ಕೂರಲಿಲ್ಲ. “ಯಾರಮ್ಮ ಬರೆದಿದ್ದು, ಚೆನ್ನಾಗಿದೆ” ಎಂದೆ. 

ಎಲ್ಲರೂ ಭಾಗವಹಿಸಿದ್ದಾರೆ ಎಂದು ಹೊಗಳುವುದಕ್ಕಾಗಿ ಲೆಕ್ಕ ನೋಡಿದೆ. ಅವತ್ತು ಬಂದಿದ್ದವರು ಮೂವತ್ತೆಂಟು ಜನ. ಉತ್ತರ ಮೂವತ್ತೊಂಬತ್ತು.

ಯಾರೋ ಎರಡು ಸಲ ಒತ್ತಿರಬೇಕು ಎಂದುಕೊಂಡೆ. ಎರಡನೆಯ ದಿನ ಹಾಜರಿ ಮೂವತ್ತೈದು, ಉತ್ತರ ಮೂವತ್ತಾರು. ಮೂರನೆಯ ದಿನ ಒಬ್ಬೊಬ್ಬರೂ ಬರೆದ ಮೇಲೆ ಕೈ ಎತ್ತಬೇಕು ಎಂದು ಹೇಳಿ ನಾನೇ ಎಣಿಸಿದೆ. ನಲವತ್ತು ಕೈ. ಗೋಡೆಯ ಮೇಲೆ ನಲವತ್ತು ಉತ್ತರ. ಸದ್ಯ ಎಂದು ಉಸಿರು ಬಿಟ್ಟು ಡಸ್ಟರ್ ಕೈಗೆತ್ತಿಕೊಂಡಾಗ ನಲವತ್ತೊಂದನೆಯದು ಬಂತು. ಅವತ್ತಿನ ಪ್ರಶ್ನೆ, ‘ಚರಿತ್ರೆ ಎಂದ ಕೂಡಲೇ ನೆನಪಾಗುವ ಒಂದು ವಸ್ತು ಯಾವುದು?’ ಕತ್ತಿ, ಕೋಟೆ, ಶಾಸನ, ಸಿಂಹಾಸನ ಎಂದೆಲ್ಲ ಮಕ್ಕಳು ಬರೆದಿದ್ದರು. ನಲವತ್ತೊಂದನೆಯ ಉತ್ತರ ಹೀಗಿತ್ತು:

‘ಸೇರು. ಹೋದ ವರ್ಷ ನಗರಗೆರೆಯ ಹುಡುಗಿ ಅಜ್ಜಿಯ ಸೇರನ್ನು ಚೀಲದಲ್ಲಿ ತಂದಿದ್ದಳು. ತೋರಿಸುವ ಮೊದಲೇ ಬೆಲ್ ಹೊಡೆಯಿತು. ಆಮೇಲೆ ಯಾರೂ ಕೇಳಲಿಲ್ಲ.’

 ನಡುವಿನ ಸಾಲಿನ ತುದಿಯಲ್ಲಿ ಕೂತ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಕ್ಲಾಸ್ ಲೀಡರ್ ನನ್ನನ್ನು ನೋಡಿ ಥಟ್ಟನೆ ಬೇರೆ ಕಡೆ ತಿರುಗಿದಳು.  ಬಾಗಿಲು ಹಾಕಿತ್ತು, ಎಲ್ಲರ ಕೈಯನ್ನೂ ನಾನೇ ಎಣಿಸಿದ್ದೆ. ಆ ಕೋಣೆಯಲ್ಲಿ ನನಗೆ ಕಾಣದ ಒಬ್ಬರು ಇದ್ದರು, ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು.

ಸಂಜೆ ಬಸ್ಸಿನಲ್ಲಿ ಕೂತು ಮೂರೂ ದಿನದ ಹೆಚ್ಚುವರಿ ಉತ್ತರಗಳನ್ನು ಮತ್ತೆ ಮತ್ತೆ ಓದಿದೆ. ಮಂಚೇನಹಳ್ಳಿ ಬರುವ ಹೊತ್ತಿಗೆ ಆ ಮೇಡಂ ಬೀಗದ ಕೈ ಕೊಟ್ಟಿದ್ದ ಬೀರು ನೆನಪಾಯಿತು. ಒಳಗಿನ ಅರೆಗಳ ಅಂಚಿಗೆ ‘ನಕ್ಷೆಗಳು’, ‘ಹಳೆ ಪ್ರಶ್ನೆಪತ್ರಿಕೆ’, ‘ಮಕ್ಕಳು ಬರೆದದ್ದು’ ಎಂದು ಚೀಟಿ ಅಂಟಿಸಿದ್ದರು. ಒಂದೆರಡೇ ಪದವಾದರೂ ಪ್ರತಿ ಚೀಟಿಯ ಕೊನೆಗೆ ಒಂದು ಪೂರ್ಣವಿರಾಮ, ಗೋಡೆಯ ಮೇಲಿನ ಆ ಉತ್ತರಗಳ ಹಾಗೆಯೇ. ಆದರೂ ನಂಬಲು ಮನಸ್ಸಾಗಲಿಲ್ಲ.

ಮಾರನೆಯ ದಿನ ಪಾಠಕ್ಕೆ ಮೊದಲೇ ಕ್ಲಾಸ್ ಲೀಡರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. “ಲಿಂಕ್ ಎಲ್ಲಿ ಹಾಕ್ತಿದ್ದೀಯಮ್ಮ?”

“ನಮ್ಮ ಕ್ಲಾಸ್ ಗ್ರೂಪಿಗೆ ಸರ್.”

“ಅದರಲ್ಲಿ ಕ್ಲಾಸಿನವರನ್ನು ಬಿಟ್ಟು ಇನ್ಯಾರಾದ್ರೂ ಇದ್ದಾರಾ?”

ಅವಳು ದುಪಟ್ಟಾದ ತುದಿ ಸುತ್ತುತ್ತಾ ನಿಂತಳು. ಆಮೇಲೆ ಮೊಬೈಲ್ ತೆಗೆದು ತೋರಿಸಿದಳು. ಸದಸ್ಯರ ಪಟ್ಟಿಯ ಮೇಲೆಯೇ ಇತ್ತು, ಅಡ್ಮಿನ್ ಎಂದು. ಪಕ್ಕದಲ್ಲಿ ಸಣ್ಣ ವೃತ್ತದೊಳಗೆ, ಬೀಗದ ಕೈ ಕೊಟ್ಟ ಮುಖ.

“ಗ್ರೂಪ್ ಮಾಡಿದ್ದೇ ಮೇಡಂ ಸರ್. ಹೆಂಗ್ ಸರ್ ತೆಗೆಯೋದು?” ಎಂದಳು. ಸ್ವಲ್ಪ ತಡೆದು, “ಅವರು ಅದರಲ್ಲಿ ಏನೂ ಮಾತಾಡಲ್ಲ ಸರ್. ಸುಮ್ನೆ ಇರ್ತಾರೆ. ನಾವು ಹಾಕಿದ್ದು ನೋಡ್ತಾರೆ ಅಷ್ಟೆ” ಎಂದಳು.

“ಉತ್ತರ ಬರೀತಿರೋದು ಅವರೇ ಅಂತ ನಿಮಗೆಲ್ಲ ಗೊತ್ತಾ?”

“ಮೊದಲ್ನೇ ದಿನಾನೇ ಗೊತ್ತಾಯ್ತು ಸರ್. ಪೂರ್ಣವಿರಾಮ ಇನ್ಯಾರು ಹಾಕ್ತಾರೆ?”

ಗ್ರೂಪಿಗೆ ಲಿಂಕ್ ಹಾಕಬೇಡ ಎಂದು ಆಗಲೇ ಹೇಳಬಹುದಿತ್ತು. ಅಥವಾ ಆ ಹೆಂಗಸಿಗೆ ಒಂದು ಫೋನ್ ಮಾಡಬಹುದಿತ್ತು. ಎರಡನ್ನೂ ಮಾಡಲಿಲ್ಲ. “ಸರಿ, ಹೋಗು” ಎಂದೆ. ಮನಸ್ಸಿನಲ್ಲಿ ಇದ್ದದ್ದು ಆ ನಗರಗೆರೆಯ ಹುಡುಗಿಯ ಸೇರು.

ಅವತ್ತೇ ತರಗತಿಯಲ್ಲಿ ಆ ಹುಡುಗಿಗೆ, ನಾಳೆ ಸೇರು ತರುತ್ತೀಯಾ ಎಂದು ಕೇಳಿದೆ. ತಂದಳು. ಹಿತ್ತಾಳೆಯ ಪಟ್ಟಿ ಹಾಕಿದ, ಬಾಯಿ ಸವೆದ ಹಳೆಯ ಸೇರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಎಂದಷ್ಟೇ ಹೇಳಿದಳು. ಆಮೇಲೆ ನಾನು ಮೇಜಿನ ತುದಿಗೆ ಕೂತು, ನಮ್ಮ ಬೀದಿಯಲ್ಲಿ ಮಾತಾಡುವ ತೆಲುಗಿನಲ್ಲೇ, “ಮೀ ಅವ್ವ ದೀಂತೋ ಏಂ ಕೊಲಿಚೇದಮ್ಮಾ?” ಎಂದೆ, ನಿಮ್ಮಜ್ಜಿ ಇದರಲ್ಲಿ ಏನು ಅಳೆಯುತ್ತಿದ್ದರು ಎಂದು. ಆ ಹುಡುಗಿ ಬಾಯಿ ತೆರೆದಳು. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನಬಾರದಂತೆ, ಲಾಭ ಅನ್ನಬೇಕಂತೆ, ಎರಡನೆಯದರಿಂದ ಎಣಿಕೆಯಂತೆ. ಅಜ್ಜಿ ಎಣಿಸುವಾಗ ಯಾರೂ ಮಾತಾಡಿಸಬಾರದಂತೆ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹದಿನೈದು ನಿಮಿಷ ಹೇಳಿದಳು. ಅವತ್ತು ಅಳತೆ, ಕಂದಾಯ, ಸುಗ್ಗಿ ಎಲ್ಲವೂ ಆ ಸೇರಿನಿಂದಲೇ ಪಾಠವಾಯಿತು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಇಪ್ಪತ್ತನಾಲ್ಕು ವರ್ಷದ ಮೇಷ್ಟ್ರ ಕೆಲಸದಲ್ಲಿ ಅಂಥ ತರಗತಿ ನನಗೆ ನಾಲ್ಕೋ ಐದೋ ಸಿಕ್ಕಿರಬಹುದು.

ಬಾಗಿಲ ಬಳಿ ಪ್ರಿನ್ಸಿಪಾಲರು ನಿಂತು ನೋಡುತ್ತಿದ್ದರು. ಮೊಬೈಲಿನಲ್ಲಿ ವಿಡಿಯೋ ಕೂಡ ಮಾಡಿಕೊಂಡಿದ್ದರು.

ಅಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಎರಡು ವಾರ ಕಳೆದರೂ ಬಿಡದೆ ದಿನವೂ ಪ್ರಶ್ನೆ ಹಾಕಿದೆ. ತೋರಿಕೆಗೆ ಅದು ಮಕ್ಕಳಿಗೆ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಪ್ರಶ್ನೆ ಯೋಚಿಸುವಾಗ ನನ್ನ ಕಣ್ಣೆದುರು ಇದ್ದದ್ದು ಸ್ಟೀಲ್ ಲೋಟ ಚೀಲಕ್ಕೆ ಹಾಕಿಕೊಂಡು ಹೋದ ಹೆಂಗಸು. ಅವರಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದೆ. ಬಂದೇ ಬರುತ್ತಿತ್ತು. ಕೊನೆಯ ಬೆಂಚಿನವಳಿಗೆ ಬೋರ್ಡು ಕಾಣುವುದಿಲ್ಲ, ಕೇಳಿದರೆ ಕಾಣುತ್ತದೆ ಎನ್ನುತ್ತಾಳೆ. ಶುಕ್ರವಾರ ಮಧ್ಯಾಹ್ನ ಮೂವರು ಬೇಗ ಹೊರಡುವುದು ಬಸ್ಸಿಗಾಗಿ, ಅದನ್ನು ಉಡಾಫೆ ಅಂದುಕೊಳ್ಳಬೇಡಿ. ನಾನು ಒಂದೊಂದನ್ನೂ ಪಾಲಿಸಿದೆ. ಮಕ್ಕಳು ನನಗೆ ಹತ್ತಿರವಾದರು. ಹೊಸ ಸರ್‌ಗೆ ಎಲ್ಲ ಗೊತ್ತಾಗುತ್ತೆ ಎಂಬ ಮಾತು ಬೇರೆ ತರಗತಿಗಳಿಗೂ ಹೋಯಿತು. ಈ ತರಗತಿಯ ಮಕ್ಕಳಿಗೆ ಮಾತ್ರ ಅದು ಹೇಗೆ ಗೊತ್ತಾಗುತ್ತದೆ ಎಂಬುದು ತಿಳಿದಿತ್ತು. ಅವರೂ ಸುಮ್ಮನಿದ್ದರು. ನಾವೆಲ್ಲ ಸೇರಿ ಒಬ್ಬರನ್ನು ಕೋಣೆಯಲ್ಲಿ ಇಟ್ಟುಕೊಂಡು, ಇಲ್ಲ ಎಂಬಂತೆ ನಡೆದುಕೊಳ್ಳುತ್ತಿದ್ದೆವು.

ಪಾಠದ ನಡುವೆ ಕೆಲವೊಮ್ಮೆ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು. ಇಲ್ಲಿ ಅವರು ಹೇಗೆ ಹೇಳುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಅನ್ನಿಸಿ ಮಾತು ತಡವರಿಸುತ್ತಿತ್ತು. ಹಿಂದಿನ ಗೋಡೆಗೆ ಒರಗಿಸಿದ ಖಾಲಿ ಕುರ್ಚಿಯ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ. ಒಂದು ದಿನ ಅದನ್ನು ಆಚೆ ಇಡಿಸಿದೆ. ಮಾರನೆಯ ದಿನ ಕುರ್ಚಿ ಇದ್ದ ಜಾಗವೇ ಕಣ್ಣಿಗೆ ಹೊಡೆಯಿತು.

ಪ್ರಿನ್ಸಿಪಾಲರ ವಿಡಿಯೋ ಅಲ್ಲಿ ಇಲ್ಲಿ ಹೋಯಿತು. ಚಿಕ್ಕಬಳ್ಳಾಪುರದಲ್ಲಿ ನಾಲ್ಕಾರು ಕಾಲೇಜಿನ ಉಪನ್ಯಾಸಕರಿಗೆ ಒಂದು ದಿನದ ಕಾರ್ಯಾಗಾರ ಏರ್ಪಾಟಾಗಿತ್ತು. ಸೆಮಿಸ್ಟರಿನ ಆರಂಭದಲ್ಲಿ ತಂತ್ರಜ್ಞಾನ ಬಳಸಿ ಮಕ್ಕಳನ್ನು ತೊಡಗಿಸಿಕೊಳ್ಳುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದರು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು. ನಾನು ಕ್ಯೂಆರ್ ಕೋಡ್ ತೋರಿಸಿದೆ, ಉತ್ತರಗಳು ಹೇಗೆ ಬರುತ್ತವೆ ಎಂದು ತೋರಿಸಿದೆ, ಸೇರಿನ ವಿಡಿಯೋ ಹಾಕಿದೆ. ಆ ಹುಡುಗಿ ‘ಲಾಭಂ ಅನಾಲಿ ಸರ್’, ಲಾಭ ಅನ್ನಬೇಕು, ಎಂದಾಗ ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು ಕೇಳಿದರು. “ಎಲ್ಲಾ ಸರಿ ಸರ್. ಆ ಹುಡುಗಿ ಹತ್ರ ಸೇರು ಇದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಹೊಸದಾಗಿ ಬಂದಿದ್ದೀರಿ.”

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ. ಮೈಕ್ ಕೈಯಲ್ಲಿತ್ತು.

“ಅದೇ ಸರ್ ಇದರ ವಿಶೇಷ” ಎಂದೆ. “ಹೆಸರಿಲ್ಲದೆ ಬರೆಯೋಕೆ ಬಿಟ್ರೆ ಮಕ್ಕಳೇ ಎಲ್ಲಾ ಹೇಳ್ತಾರೆ.”

ಅವರು ತಲೆದೂಗಿ ಕೂತರು. ನನಗೆ ಒಂದು ಶಾಲು, ಒಂದು ಪ್ರಮಾಣಪತ್ರ ಕೊಟ್ಟರು.

ಸೋಮವಾರ ಹಾಕಿದ ಪ್ರಶ್ನೆ ಇಂದಿಗೂ ನೆನಪಿದೆ. ‘ಈ ತರಗತಿಯಲ್ಲಿ ಯಾರಿಗೆ ಸಹಾಯ ಬೇಕಾಗಿದೆ? ಯಾವ ಸಹಾಯ?’ ಹಾಜರಿ ಮೂವತ್ತೇಳು. ಮೂವತ್ತೇಳು ಉತ್ತರ ಬಂತು. ಎಲ್ಲವೂ ಗೊತ್ತಿಲ್ಲ ಸರ್, ಯಾರಿಗೂ ಬೇಡ, ನನಗೆ ಇಂಗ್ಲಿಷ್ ಕಷ್ಟ ಎಂಬಂಥವು. ಗೋಡೆ ನೋಡುತ್ತಾ ನಿಂತೆ. ಮಕ್ಕಳೂ ನೋಡುತ್ತಿದ್ದರು. ಐದು ನಿಮಿಷವಾಯಿತು. ಮೂವತ್ತೆಂಟನೆಯದು ಬರಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಕಾಣದೆ ಇದ್ದವರು ಹೋದರೆ ಕೋಣೆ ಅಷ್ಟು ಬಿಕೋ ಅನ್ನುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಊಟ ಮಾಡುವಾಗ ಹೆಂಡತಿ ಕೇಳಿದಳು, “ಏನಾಯ್ತು, ಒಂದು ವಾರದಿಂದ ಸಪ್ಪಗಿದ್ದೀರ?” ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, “ಶಾಲು ಹೊದ್ದುಕೊಂಡಾಗ ಹೇಳಬೇಕು ಅನ್ನಿಸ್ಲಿಲ್ವಾ ನಿಮಗೆ?” ಎಂದಳು. ಅನ್ನಿಸಿತ್ತು ಎಂದೆ. “ಹಂಗಾದ್ರೆ ಹೋಗಿ ಬನ್ನಿ” ಎಂದಳು.

ಕ್ಲಾಸ್ ಲೀಡರ್ ವಿಚಾರಿಸಿ ಹೇಳಿದಳು. ಮೇಡಂ ಗೌರಿಬಿದನೂರಿನ ಬಾಡಿಗೆ ಮನೆ ಖಾಲಿ ಮಾಡಿ ಸಾದಲಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ಈಗೊಂದು ತಿಂಗಳಿಂದ ಚಿಂತಾಮಣಿಯ ಒಂದು ಪ್ರೈವೇಟ್ ಸ್ಕೂಲಿಗೆ ಹೋಗುತ್ತಿದ್ದಾರೆ. ಶನಿವಾರ ರಜೆ ಹಾಕಿ ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹತ್ತಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಖಾಲಿ ಚೀಲಗಳ ಸಮೇತ ರೈತರು ಹತ್ತಿಕೊಂಡರು, ಬಸ್ಸೆಲ್ಲ ಹುಳದ ಮನೆಯ ವಾಸನೆಯಾಯಿತು. ಅವರನ್ನು ಕಂಡು ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡೆ. ಚಿಂತಾಮಣಿಯಲ್ಲಿ ಇಳಿದಾಗ ಒಂದೂ ನೆನಪಿರಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲು. ಮಕ್ಕಳ ಜೊತೆಗೇ ಅವರೂ ಗೇಟಿನಿಂದ ಬಂದರು, ಹೆಗಲಲ್ಲಿ ನೋಟ್‌ಬುಕ್ಕುಗಳ ಭಾರದ ಚೀಲ. ನನ್ನನ್ನು ನೋಡಿ ನಿಂತರು. ಆಶ್ಚರ್ಯ ತೋರಿಸಲಿಲ್ಲ.

“ಬಸ್ ಸ್ಟ್ಯಾಂಡ್ ತನಕ ನಡೀತಾ ಮಾತಾಡಣ ಸರ್. ನನಗೆ ಒಂದೂವರೆ ಬಸ್ ಸಿಗ್ಬೇಕು” ಎಂದರು.

ನಡೆದೆವು. ಟೊಮೆಟೊ ಕ್ರೇಟು ತುಂಬಿದ ಗಾಡಿಗಳು ರಸ್ತೆ ತುಂಬ ನಿಂತಿದ್ದವು. ಮೊದಲು ಅವರೇ ಕೇಳಿದರು.

“ಯಾವಾಗ ಗೊತ್ತಾಯ್ತು ನಿಮಗೆ?”

“ಮೂರ್ನಾಲ್ಕು ದಿನದಲ್ಲೇ.”

“ಗೊತ್ತಿದ್ದೂ ದಿನಾ ಪ್ರಶ್ನೆ ಹಾಕ್ತಿದ್ರಾ?”

“ಹೂಂ.”

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. ಆಮೇಲೆ, “ನಿಮಗೆ ಗೊತ್ತಿಲ್ಲ ಅಂದ್ಕೊಂಡು ಬರೀತಿದ್ದೆ ಸರ್” ಎಂದರು. “ಮೊದಲ್ನೇ ದಿನ ಅಣ್ಣನ ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಿದ್ದೆ. ಮೊಬೈಲ್ ಸದ್ದಾಯ್ತು. ಒತ್ತಿದೆ, ಪ್ರಶ್ನೆ ಬಂತು. ಮುಂದೇನು ಮಾಡ್ತೀಯ ಅನ್ನೋದು ಬಿಟ್ಟು ಆ ಮೂರು ತಿಂಗಳಲ್ಲಿ ಯಾರೂ ನನ್ನನ್ನ ಏನೂ ಕೇಳಿರ್ಲಿಲ್ಲ. ಕೈ ತಾನಾಗೇ ಬರೀತು. ನಿಮಗೆ ಪಾಠ ಹೇಳ್ಕೊಡೋಣ ಅಂತ ಅಲ್ಲ. ಕ್ಲಾಸಲ್ಲಿ ಎಲ್ಲರ ಜೊತೆ ನಾನೂ ಒಬ್ಬಳು ಕೂತಂಗೆ ಇರ್ತಿತ್ತು.”

“ಮತ್ತೆ ಯಾಕೆ ನಿಲ್ಲಿಸಿದ್ರಿ ಮೇಡಂ?”

“ಯಾರಿಗೆ ಸಹಾಯ ಬೇಕು ಅಂತ ಕೇಳಿದ್ರಲ್ಲ. ಆ ಪ್ರಶ್ನೆ ಮಕ್ಕಳಿಗಲ್ಲ. ನೇರವಾಗಿ ನನಗೇ ಕೇಳಿದ್ದು. ಓದಿದ ತಕ್ಷಣ ಗೊತ್ತಾಯ್ತು. ಭಯ ಆಯ್ತು ಸರ್, ಯಾರೋ ಕದ ಸರಿಸಿ ಒಳಗೆ ನೋಡ್ದಂಗೆ.”

ಇಷ್ಟು ದಿನ ಅವರು ನನ್ನ ಬೆನ್ನ ಹಿಂದೆ ಇದ್ದಾರೆ ಎಂದುಕೊಂಡಿದ್ದೆ. ನಾನೂ ಅವರ ಬೆನ್ನ ಹಿಂದೆ ನಿಂತಿದ್ದೆ ಎಂಬುದು ಆಗ ಹೊಳೆಯಿತು. ಕಾರ್ಯಾಗಾರದ ವಿಷಯ ಹೇಳಿದೆ. ಆ ಹಿರಿಯರು ಕೇಳಿದ್ದು, ನಾನು ಕೊಟ್ಟ ಉತ್ತರ, ಶಾಲು, ಒಂದನ್ನೂ ಬಿಡಲಿಲ್ಲ.

“ಆ ಹುಡುಗಿ ಮಾತಾಡಿದ್ದಕ್ಕೆ ಚಪ್ಪಾಳೆ ಹೊಡೆದ್ರಾ?” ಎಂದರು.

“ಹೊಡೆದ್ರು.”

“ಸರಿ ಬಿಡಿ.”

ಆ ‘ಸರಿ ಬಿಡಿ’ಯಲ್ಲಿ ಕ್ಷಮೆ ಇತ್ತೋ, ಮಾತು ಮುಗಿಸುವ ಆತುರ ಇತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರವಾಗುತ್ತಿತ್ತು. ನಾನು ಆತುರಾತುರವಾಗಿ, ಪ್ರಿನ್ಸಿಪಾಲರ ಜೊತೆ ಮಾತಾಡುತ್ತೇನೆ, ತಿಂಗಳಿಗೆ ಎರಡು ವಿಶೇಷ ಉಪನ್ಯಾಸಕ್ಕಾದರೂ ನಿಮ್ಮನ್ನು ಅತಿಥಿಯಾಗಿ ಕರೆಸುತ್ತೇವೆ ಎಂದೆ.

ಅವರು ಮೊದಲ ಸಲ ನಕ್ಕರು. “ಹನ್ನೊಂದು ವರ್ಷ ಅತಿಥಿಯಾಗೇ ಇದ್ದೆನಲ್ಲ ಸರ್. ಇನ್ನು ಬೇಡ.” ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. “ಗ್ರೂಪಿನ ಅಡ್ಮಿನ್ ಕ್ಲಾಸ್ ಲೀಡರಿಗೆ ಕೊಟ್ಟಿದ್ದೀನಿ. ಇವತ್ತೇ ಆಚೆ ಬರ್ತೀನಿ. ನೀವು ಆ ಮಕ್ಕಳಿಗೆ ಏನೂ ಅನ್ಬೇಡಿ.”

ಸೋಮವಾರ ನಾನು ತರಗತಿಗೆ ಹೋದಾಗ ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಪ್ರೊಜೆಕ್ಟರ್ ಹಾಕಲು ಹೋದೆ. ಕ್ಲಾಸ್ ಲೀಡರ್ ಎದ್ದು ನಿಂತಳು. ಕಣ್ಣು ಕೆಂಪಗಿತ್ತು.

“ಮೇಡಂ ಗ್ರೂಪಿಂದ ಹೋಗ್ಬಿಟ್ರು ಸರ್. ನೀವೇನಾದ್ರೂ ಅಂದ್ರಾ?”

ಪ್ರೊಜೆಕ್ಟರ್ ಆರಿಸಿದೆ. ಮೇಜಿನ ಮುಂದೆ ಬಂದು ನಿಂತು, ಕೌನ್ಸೆಲಿಂಗ್ ದಿನದಿಂದ ಶನಿವಾರದ ಬಸ್ಸಿನ ತನಕ ನಡೆದದ್ದನ್ನು ಅವರಿಗೆ ಹೇಳಿದೆ. ಎರಡನೇ ವರ್ಷದ ಮಕ್ಕಳಿಗೆ ಅದನ್ನೆಲ್ಲ ಹೇಳಬೇಕಿತ್ತೋ ಇಲ್ಲವೋ. ನನಗೆ ಬೇರೆ ದಾರಿ ಕಾಣಲಿಲ್ಲ.  ಬೆಲ್ ಹೊಡೆದ ಕೂಡಲೇ ಮಕ್ಕಳು ಎದ್ದು ಹೋದರು. ನಗರಗೆರೆಯ ಹುಡುಗಿ ಹೋಗುವಾಗ, “ಸಾರ್, ಆ ವಿಡಿಯೋ ತೀಸೇಯಂಡಿ” ಎಂದಳು, ತೆಗೆದುಹಾಕಿ ಎಂದು. ಪ್ರಿನ್ಸಿಪಾಲರಿಗೆ ಹೇಳಿ ತೆಗೆಸಿದೆ. ಅಷ್ಟರಲ್ಲಿ ಅದು ಎಲ್ಲೆಲ್ಲಿ ಹೋಗಿತ್ತೋ. ಆ ಹುಡುಗಿ ಅವತ್ತಿನಿಂದ ಎರಡು ವಾರ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆಮೇಲೂ ಕೇಳಿದ್ದಕ್ಕೆ ಮಾತ್ರ ಉತ್ತರ.

ಪ್ರಿನ್ಸಿಪಾಲರು ನನ್ನ ಮಾತು ಕೇಳಿ, “ಇದೇನು ದೊಡ್ಡ ವಿಷಯ ಸರ್, ಪ್ರಮಾಣಪತ್ರ ಆಗಲೇ ಕೊಟ್ಟಾಗಿದೆ, ಬಿಡಿ” ಎಂದರು. ಬಿಡಲು ಆಗಲಿಲ್ಲ. ಕಾರ್ಯಾಗಾರಕ್ಕೆ ಬಂದವರದೊಂದು ಗ್ರೂಪ್ ಇತ್ತು. ಅದರಲ್ಲಿ ಉದ್ದಕ್ಕೆ ಬರೆದೆ. ಆ ಹಿರಿಯರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು, ನನಗೆ ದಾರಿ ತೋರಿಸಿದ್ದು ನನಗಿಂತ ಮುಂಚೆ ಆ ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವರು, ಅವರು ಈಗ ಅಲ್ಲಿಲ್ಲ, ಅವರ ಜಾಗದಲ್ಲಿ ನಾನಿದ್ದೇನೆ. ಅವರ ಹೆಸರು ಹಾಕಲಿಲ್ಲ. ಇಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದರು. ಸ್ವಲ್ಪ ಹೊತ್ತಿನಲ್ಲೇ ಯಾರೋ ಪರೀಕ್ಷಾ ಕೆಲಸದ ಸುತ್ತೋಲೆ ಹಾಕಿದರು, ನಾನು ಬರೆದದ್ದು ಮೇಲಕ್ಕೆ ಸರಿದುಹೋಯಿತು.

ಮೂರು ದಿನ ಬಿಟ್ಟು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡಸಿನ ದನಿ, ಮೆತ್ತಗಿತ್ತು. ಪಕ್ಕದ ತಾಲ್ಲೂಕಿನ ಒಂದು ಕಾಲೇಜಿ‌ನಲ್ಲಿ ಅತಿಥಿ ಉಪನ್ಯಾಸಕ ಎಂದು ಹೇಳಿಕೊಂಡರು, ಕಾರ್ಯಾಗಾರದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ.

“ನೀವು ಬರೆದಿದ್ದು ಓದ್ದೆ ಸರ್” ಎಂದರು. “ಒಂದು ಕೇಳಬಹುದಾ?”

“ಕೇಳಿ.”

“ಮುಂದಿನ ವರ್ಷ ನಮ್ಮಲ್ಲಿಗೂ ಟ್ರಾನ್ಸ್‌ಫರ್ ಮೇಲೆ ಒಬ್ರು ಬರ್ತಾರೆ ಅಂತಿದ್ದಾರೆ. ಎಂಟು ವರ್ಷ ಆಯ್ತು ಸರ್ ನಾನಿಲ್ಲಿ. ಬರೋವರಿಗೆ ಏನೇನು ಬರೆದಿಟ್ಟು ಹೋಗ್ಲಿ ಅಂತ.”

 ಏನೂ ಬರೆದಿಡಬೇಡಿ ಎನ್ನೋಣ ಅನ್ನಿಸಿತು. ಎಲ್ಲವನ್ನೂ ಬರೆದಿಡಿ ಎನ್ನೋಣ ಎಂದೂ ಅನ್ನಿಸಿತು. ಕೊನೆಗೆ, “ನಿಮ್ಮ ಮಕ್ಕಳು ಹೆಂಗಿದ್ದಾರೆ?” ಎಂದು ಕೇಳಿದೆ.

ಅವರು ಹೇಳತೊಡಗಿದರು. ಮುಂದಿನ ಬೆಂಚಿನವಳು ಜಾಣೆಯಂತೆ, ಆದರೆ ಪರೀಕ್ಷೆಯ ದಿನ ಕೈ ನಡುಗುತ್ತದಂತೆ. ಇನ್ನೊಬ್ಬಳು ಬೆಳಿಗ್ಗೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ ಬರುವುದರಿಂದ ಮೊದಲ ಪಿರಿಯಡ್ಡಿಗೆ ತಡವಾಗುತ್ತದಂತೆ. ಊಟದ ಡಬ್ಬಿ ಮುಚ್ಚಿಟ್ಟು ಎದುರಿಗೆ ಬಿದ್ದಿದ್ದ ಕಾಗದ ಎಳೆದುಕೊಂಡು ಒಂದೊಂದೇ ಬರೆದುಕೊಳ್ಳುತ್ತಾ ಹೋದೆ. ಆ ಮಕ್ಕಳನ್ನು ನಾನು ನೋಡಿರಲಿಲ್ಲ, ನೋಡುವ ಸಂಭವವೂ ಇರಲಿಲ್ಲ. ಬೆಲ್ ಹೊಡೆಯಿತು. ಅವರು ನಿಲ್ಲಿಸಲಿಲ್ಲ, ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ.